ಸ್ಪೀಕರಿನ ಪಿನ್ನು

ಈರಣ್ಣ, ಆ ಆಂಪ್ಲಿಫೈಯರ್ ಸುಟ್ಟಿದ್ದು ನೀನಲ್ಲ. ನಾನು.

ಬರೆದುಬಿಟ್ಟೆ. ಈ ಒಂದು ಸಾಲಿಗೆ ನಾಲ್ಕು ದಿನ ಹಿಡಿಯಿತು. ಮೊಬೈಲಿನಲ್ಲಿ ಟೈಪ್ ಮಾಡುವುದನ್ನು ಕಲಿಸಿದವಳು ಮೊಮ್ಮಗಳು ಸಿಂಚನಾನೇ. ಅವಳು ಹತ್ತಿರ ಬಂದರೆ ಮೊಬೈಲನ್ನು ಸೆರಗಿನೊಳಗೆ ಸೇರಿಸಿಕೊಳ್ಳುತ್ತೇನೆ. 'ಯಾರಜ್ಜಿ, ಬಾಯ್‌ಫ್ರೆಂಡಾ?' ಅನ್ನುತ್ತಾಳೆ. ಹೂಂ ಅನ್ನುತ್ತೇನೆ. ಸುಳ್ಳು ನನಗೆ ಯಾವತ್ತೂ ಕಷ್ಟವಾಗಿಲ್ಲ — ಅದೇ ತಾನೇ ಈಗಿನ ತೊಂದರೆ.

ನೆನಪಿದೆಯಲ್ಲ, ನಾವು ಮೂವರೂ ಹಳೆಯ ಆಂಪ್ಲಿಫೈಯರ್ ಕೊಳ್ಳಲು ವೈಟ್‌ಫೀಲ್ಡಿನ ಆ ಮುದುಕರ ಮನೆಗೆ ಹೋಗಿದ್ದು? ನೀನಾಗ ನಮ್ಮ ಲಗ್ಗೆರೆ ಮನೆಯ ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದೆ. ಹಗಲು ಪೀಣ್ಯದಲ್ಲಿ ಲೇತ್ ಯಂತ್ರದ ಕೆಲಸ, ಸಂಜೆ ಕೆಳಗೆ ನಮ್ಮ ಮನೆಯಲ್ಲಿ ಸಿಂಚನಾಳ ಜೊತೆ ಗಿಟಾರ್. ಅಲ್ಲಿ ಎರಡು ಆಂಪ್ಲಿಫೈಯರ್‌ಗಳಿದ್ದವು, ಎರಡೂ ಹಳೆಯ ರೇಡಿಯೋದ ಹಾಗೆ ವಾಲ್ವಿನವು, ಸ್ಪೀಕರೂ ಅದೇ ಪೆಟ್ಟಿಗೆಯಲ್ಲಿ. ನೀವಿಬ್ಬರೂ ದೊಡ್ಡದರ ಮುಂದೆ ಬಾಯಿ ಬಿಟ್ಟು ನಿಂತಿದ್ದಿರಿ. ನಾನು ಚಿಕ್ಕದನ್ನು ತೋರಿಸಿದೆ. ವಾಲ್ವಿನ ಸದ್ದಿಗೆ ರುಚಿ ಬರುವುದು ಅದನ್ನು ಸ್ವಲ್ಪ ದುಡಿಸಿದಾಗ. ನಮ್ಮ ಬೀದಿಯಲ್ಲಿ ಆ ದೊಡ್ಡದನ್ನು ದುಡಿಸಿದರೆ ಮೂರು ಮನೆಯವರು ಪೊರಕೆ ಹಿಡಿದು ಬರುತ್ತಾರೆ ಅಂದೆ. ಪೆನ್ಸಿಲಿನ ಹಿಂಬದಿಯಿಂದ ಒಂದೊಂದೇ ವಾಲ್ವನ್ನು ಮೆಲ್ಲಗೆ ಬಡಿದು, ಸ್ಪೀಕರಿನಲ್ಲಿ ಗಂಟೆಯ ಹಾಗೆ ಸದ್ದು ಬಂದ ಒಂದನ್ನು ಬದಲಾಯಿಸಿಕೊಂಡೆ. ಇಪ್ಪತ್ತೆರಡು ವರ್ಷ ಸರ್ಕಾರಿ ಕಾರ್ಖಾನೆಯಲ್ಲಿ ವಾಲ್ವ್ ಜೋಡಿಸಿದ ಕೈ. ಆ ವಿಭಾಗ ಮುಚ್ಚಿದ ಮೇಲೆ ಈ ಕೈಗೆ ಸೊಪ್ಪು ಬಿಡಿಸುವುದು ಬಿಟ್ಟು ಬೇರೆ ಕೆಲಸವಿರಲಿಲ್ಲ. ಅವತ್ತು ನೀನು ಹೇಳಿದೆ: 'ಆಯಿ, ನೀವ ನಮ್ಮ ಇಂಜಿನಿಯರ್ ನೋಡ್ರಿ.'

ಆ ಮಾತು ನನ್ನ ತಲೆಗೇರಿತು.

ನೀವು ಪೆಟ್ಟಿಗೆಯನ್ನು ಆಟೋಗೆ ಹೊರುತ್ತಿದ್ದಾಗ ಆ ಮುದುಕರು ನನ್ನನ್ನು ಪಕ್ಕಕ್ಕೆ ಕರೆದರು. 'ನಿಮಗೆ ಅರ್ಥ ಆಗುತ್ತೆ ಅಂತ ಹೇಳ್ತಿದೀನಿ ಮೇಡಂ. ಪೆಟ್ಟಿಗೆ ಹಿಂದಿರೋ ಸ್ಪೀಕರ್ ಪಿನ್ ತೆಗೆದು ಯಾವತ್ತೂ ಆನ್ ಮಾಡಬೇಡಿ. ಟ್ರಾನ್ಸ್‌ಫಾರ್ಮರ್ ಸುಟ್ಟೋಗುತ್ತೆ. ಮಕ್ಕಳಿಗೂ ಹೇಳಿ.'

ಹೇಳಲಿಲ್ಲ. ಮರೆತೆ ಅಂತ ಬರೆದು ಅಳಿಸಿದೆ. ಮರೆತಿರಲಿಲ್ಲ. ನನಗೊಬ್ಬಳಿಗೇ ಗೊತ್ತಿರುವ ಒಂದು ವಿಷಯ ಇರಲಿ ಅನ್ನಿಸಿತು.

ಆಮೇಲೆ ಆಗಾಗ ಅದು ಮೂಕವಾಗುತ್ತಿತ್ತಲ್ಲ — ನಾನು ಹಿಂದಿನಿಂದ ಕೈ ಹಾಕಿ ಸರಿ ಮಾಡುತ್ತಿದ್ದೆ, ನೀವಿಬ್ಬರೂ 'ಅಜ್ಜಿ ಮಂತ್ರ' ಅಂತ ಚಪ್ಪಾಳೆ ತಟ್ಟುತ್ತಿದ್ದಿರಿ. ಮಂತ್ರ ಎಂಥದ್ದು? ಮಧ್ಯಾಹ್ನ ನಾನೇ ಒಂದು ಚಿಕ್ಕ ವಾಲ್ವನ್ನು ಸಡಿಲ ಮಾಡಿ ಇಟ್ಟಿರುತ್ತಿದ್ದೆ. ಸಂಜೆ ನೀವು ಕರೆಯಬೇಕು, ನಾನು ಬರಬೇಕು. ಅಷ್ಟೇ ಆಸೆ.

ಅದು ಸುಟ್ಟ ದಿನ ನನ್ನ ಬೆರಳ ಗಂಟುಗಳು ಊದಿದ್ದವು. ವಾಲ್ವ್ ಹಿಡಿತಕ್ಕೆ ಸಿಗಲಿಲ್ಲ. ಸ್ಪೀಕರ್ ಪಿನ್ ಎಳೆದಿಟ್ಟೆ — ಗೊತ್ತಿದ್ದೂ. ಆನ್ ಮಾಡಿದ ತಕ್ಷಣ ಕರೆಯುತ್ತಾರೆ, ಒಂದು ನಿಮಿಷಕ್ಕೆ ಏನಾಗುತ್ತೆ ಅಂದುಕೊಂಡೆ. ಅಷ್ಟರಲ್ಲಿ ಬೀದಿ ನಲ್ಲಿಯಲ್ಲಿ ನೀರು ಬಂತು. ಮೂರು ದಿನಕ್ಕೊಮ್ಮೆ ಬರುವ ನೀರು. ಬಿಂದಿಗೆ ಹಿಡಿದು ಬೀದಿಗೆ ಓಡಿದೆ. ನೀನು ಕೆಲಸ ಮುಗಿಸಿ ಬಂದವನು, ನಾನು ನೀರು ಹಿಡಿಯುವುದನ್ನು ನೋಡಿ ತೊಂದರೆ ಕೊಡಬಾರದೆಂದು ಕರೆಯಲೇ ಇಲ್ಲ. ಸದ್ದು ಬರಲಿಲ್ಲವೆಂದು ನೀನೇ ವಾಲ್ಯೂಮ್ ಏರಿಸಿದೆ. ಇನ್ನೂ ಏರಿಸಿದೆ. ಗಿಟಾರ್ ಜೋರಾಗಿ ಬಾರಿಸಿದೆ.

ಆ ವಾಸನೆ ಮೆಟ್ಟಿಲವರೆಗೂ ಬಂತು; ಬಿಂದಿಗೆ ಬಿಟ್ಟು ಒಳಗೆ ಓಡಿ ಬಂದೆ. ನೀನು ಮೇನ್ ಸ್ವಿಚ್ ಆರಿಸಲು ಹೊರಗೆ ಓಡಿದೆ. ಆ ಗಳಿಗೆಯಲ್ಲಿ ನಾನು ಪಿನ್ನನ್ನು ವಾಪಸ್ ಚುಚ್ಚಿಬಿಟ್ಟೆ. ಆಗ ಬೆರಳು ನೋಯಲಿಲ್ಲ, ಈರಣ್ಣ.

ಭಾನುವಾರ ನಿಮ್ಮಿಬ್ಬರ ಮೊದಲ ಕಾರ್ಯಕ್ರಮವಿತ್ತು. ಸಿಂಚನಾ ಬಂದು ನೋಡಿ ಕೂಗಾಡಿದಳು: 'ಲೋ, ಅದೇನ್ ನಿನ್ ಲೇತಾ? ಎಲ್ಲಾನೂ ಫುಲ್ ತಿರುಗಿಸಿ ಸುಟ್ಟಾಕ್ಬಿಟ್ಯಲ್ಲ!' ನೀನು ನನ್ನ ಕಡೆ ತಿರುಗಿದೆ.

'ಆಯಿ, ನೀವ ಹೇಳ್ರಿ. ಬರೇ ವಾಲ್ಯೂಮ್ ಏರ್ಸಿದ್ರ ಸುಡತೈತೇನ್ರಿ?'

ನಾನು ಹೇಳಿದೆ: 'ಸುಡಬಹುದು ಕಣಪ್ಪ.'

ಎರಡೇ ಪದ. ನಿಮ್ಮ ಇಂಜಿನಿಯರ್ ಹೇಳಿದ ಮೇಲೆ ಇನ್ನೇನು? ನೀನು ತಲೆಯಾಡಿಸಿ ಮೇಲೆ ಹೋದೆ. ಭಾನುವಾರ ಯಾರೂ ಎಲ್ಲಿಗೂ ಹೋಗಲಿಲ್ಲ. ತಿಂಗಳೊಳಗೆ ಕೋಣೆ ಖಾಲಿ ಮಾಡಿದೆ. ಹೋಗುವಾಗಲೂ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದೆ — ಅದನ್ನು ನೆನೆದರೆ ಇವತ್ತಿಗೂ ಕಾಲನ್ನು ಸೀರೆಯೊಳಗೆ ಎಳೆದುಕೊಳ್ಳುತ್ತೇನೆ.

ರಿಪೇರಿಯವನು ಕೇಳಿದ್ದ, 'ಸ್ಪೀಕರ್ ಇಲ್ದೆ ಓಡಿಸಿದ್ರಾ?' ಸಿಂಚನಾ ಹೇಳಿದಳು, 'ಇಲ್ಲಣ್ಣ, ಪಿನ್ ಹಾಕೇ ಇತ್ತು.' ನಾನು ಪಕ್ಕದಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಹೊಸ ಟ್ರಾನ್ಸ್‌ಫಾರ್ಮರ್ ಸುತ್ತಿಸಿದ ಮೇಲೆ ಪೆಟ್ಟಿಗೆ ಮೊದಲಿನ ಹಾಗೇ ಹಾಡುತ್ತಿದೆ. ಒಂದು ಗಿಟಾರಿಗೆ ಮಾತ್ರ.

ಮೂರು ವರ್ಷವಾಯಿತು. ನೀನು ಈಗ ಎಲೆಕ್ಟ್ರಾನಿಕ್ ಸಿಟಿಯ ಕಡೆ ಇದ್ದೀಯ, ಗಿಟಾರ್ ಮುಟ್ಟುವುದೇ ಇಲ್ಲ ಅಂತ ಮೊನ್ನೆ ನಿನ್ನ ಗೆಳೆಯ ಸಿಂಚನಾಳಿಗೆ ಹೇಳಿದನಂತೆ. 'ಮುಟ್ಟಿದ್ದೆಲ್ಲ ಕೆಡಿಸ್ತೀನಿ' ಅಂದೆಯಂತೆ. ಅವಳು ಅದನ್ನು ನನಗೆ ಹೇಳಿ ಗಿಟಾರ್ ಎತ್ತಿಕೊಂಡಳು. ನಾನು ಮೊಬೈಲ್ ಎತ್ತಿಕೊಂಡೆ.

ನೀನು ಏನನ್ನೂ ಕೆಡಿಸಿಲ್ಲ, ಮಗಾ. ನಾನು ಕೇಳುವುದೇನೂ ಇಲ್ಲ. ಬೈಯಬೇಕೆನಿಸಿದರೆ ನಂಬರ್ ಇದೇ.

ಇಲ್ಲಿಯವರೆಗೆ ಬರೆದದ್ದನ್ನು ಮೊದಲು ಸಿಂಚನಾಳಿಗೆ ಕಳಿಸಿದೆ. ಪಕ್ಕದ ಕೋಣೆಯಲ್ಲೇ ಇದ್ದಾಳೆ, ಸಂಜೆಯ ಅಭ್ಯಾಸ ನಡೆಯುತ್ತಿತ್ತು.

ಗಿಟಾರ್ ನಿಂತಿತು. ಅವಳು ಓದುತ್ತಿದ್ದಾಳೆ. ಈಗ ನಿನಗೆ ಕಳಿಸುತ್ತೇನೆ.