ಚಿಗವ್ವನ ನಡುವಿನ ಕೋಲಿ

ಗಂಗಾವತಿಯಲ್ಲಿರುವ ನನ್ನ ತಮ್ಮ ಪ್ರತಿ ಸುಗ್ಗಿಗೆ ಎರಡು ಚೀಲ ಹೊಸ ಅಕ್ಕಿ ಕಳಿಸುತ್ತಾನೆ. ಈ ಸಲವೂ ಕಳಿಸಿದ. ಬೇಡ ಅನ್ನಲಿಕ್ಕೆ ಬಾಯಿ ಬರುವುದಿಲ್ಲ, ಇಡಲಿಕ್ಕೆ ಜಾಗ ಇಲ್ಲ. ಕುಷ್ಟಗಿಯ ನಮ್ಮ ಮನೆಯಲ್ಲಿ ಮಂಚದ ಕೆಳಗೆ ನೋಡಿದರೆ ಸ್ಟೀಲಿನ ಕೊಡಗಳು, ಕಪಾಟಿನ ಮೇಲೆ ಮಿಕ್ಸರಿನ ಖಾಲಿ ಡಬ್ಬಿ, ಬಾಗಿಲ ಹಿಂದೆ ಕಾಲು ಮುರಿದ ಕುರ್ಚಿ… ಆ ಬಾಗಿಲು ಪೂರ್ತಿ ತೆರೆದು ಎಷ್ಟು ವರ್ಷವಾಯಿತೋ ಶಿವನಿಗೇ ಗೊತ್ತು. ಮೆಟ್ಟಿಲ ಕೆಳಗಿನ ಸಂದಿಯಲ್ಲಾದರೂ ಒಂದಿಷ್ಟು ಜಾಗ ಮಾಡೋಣವೆಂದು ಇವತ್ತು ಮುಂಜಾನೆ ಸೆರಗು ಸಿಕ್ಕಿಸಿ ನಿಂತೆ. ಬೀಸುವ ಕಲ್ಲನ್ನು ಈಚೆ ಎಳೆದಾಗ ಅದರ ಬಾಯಿಂದ ಹಳೆಯ ಜೋಳದ ಹಿಟ್ಟಿನ ಮುಗ್ಗಲು ವಾಸನೆ ಬಂತು. ಸೊಂಟ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟೆ. ಅದು ಚಿಗವ್ವನ ನಡುವಿನ ಕೋಲಿಯ ವಾಸನೆ.

ಚಿಗವ್ವ ನನಗೆ ರಕ್ತಸಂಬಂಧಿ ಅಲ್ಲ. ಎದುರು ಮನೆಯವಳು. ಓಣಿಯವರೆಲ್ಲ ಹಾಗೆ ಕರೆಯುತ್ತಿದ್ದರು, ಸೊಸೆಯಾಗಿ ಬಂದ ನಾನೂ ಹಾಗೇ ಕರೆದೆ. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಮದುವೆ ಮನೆಗಳಿಗೆ ಶಾವಿಗೆ ಹೊಸೆದುಕೊಟ್ಟು ತನ್ನ ಪಾಡಿಗೆ ತಾನು ಇದ್ದಳು. ಮನೆಯೆಂದರೆ ಮುಂದೆ ಪಡಸಾಲೆ, ನಡುವೆ ಒಂದು ಕೋಲಿ, ಹಿಂದೆ ಅಡುಗೆ ಮನೆ, ಅದರಾಚೆ ಬಚ್ಚಲು. ಅಷ್ಟೇ.

ನಾವು ಹಳೆಯ ಮಣ್ಣಿನ ಮಾಳಿಗೆ ಕೆಡವಿ ಹೊಸ ಮನೆ ಕಟ್ಟಿಸಲು ಹೊರಟಾಗ ಸಾಮಾನು ಬೀದಿಗೆ ಬಂತು. ಚಿಗವ್ವ ತಾನಾಗೇ ಬಂದು ಹೇಳಿದಳು.

“ಬಿಸಲಾಗ ಯಾಕ ಇಟ್ಟೀರವಾ? ನನ್ನ ನಡುವಿನ ಕೋಲಿ ಖಾಲಿ ಬಿದ್ದೈತಿ. ಮನಿ ಕಟ್ಟೂತನಕ ಅಲ್ಲೇ ಇಡ್ರಿ.”

ಇಟ್ಟೆವು. ಮಾವನವರ ದೊಡ್ಡ ಮಂಚ, ನಾಲ್ಕು ಟ್ರಂಕು, ಬೀಸುವ ಕಲ್ಲು, ಕಾಳು ತುಂಬಿಡುವ ಅಡಕಲಿ ಗಡಿಗೆಗಳು, ಹಳೆಯ ತಲಬಾಗಿಲ ಎರಡು ಕದ. ಕೋಲಿ ಕಟ್ಟಿಗೆ ವಖಾರಿಯಂತಾಯಿತು.

ಮನೆ ಆಯಿತು. ನೆಲಕ್ಕೆ ಟೈಲ್ಸ್ ಬಂತು, ಗೋಡೆಗೆ ಶೋಕೇಸ್ ಬಂತು. ಆ ಶೋಕೇಸಿನ ಮುಂದೆ ಮಾವನವರ ಮಂಚ ಹಾಕಿದರೆ ಚೆಂದ ಕಾಣುತ್ತದೆಯೇ? ನಾಲ್ಕು ದಿನ ಅಲ್ಲೇ ಇರಲಿ ಅಂದುಕೊಂಡೆವು. ಎಸೆಯಲಿಕ್ಕೆ ಮನಸ್ಸಿಲ್ಲ, ತರಲಿಕ್ಕೂ ಮನಸ್ಸಿಲ್ಲ. ನಾಲ್ಕು ದಿನ ಹೋಗಿ ನಾಲ್ಕು ವರ್ಷವಾಯಿತು. ಮುಚ್ಚಿಡುವುದು ಏನಿದೆ, ನಮ್ಮ ಮನೆಯ ಚೆಂದ ಕೆಡಬಾರದೆಂದು ಅವಳ ಮನೆ ತುಂಬಿಸಿದ್ದೆವು.

ಒಂದು ದಿನ ಚಿಗವ್ವ ನಮ್ಮ ಕಟ್ಟೆಯ ಮೇಲೆ ಬಂದು ಕೂತಳು. ಮೈಮೇಲೆಲ್ಲ ದಾರದ ಎಳೆ. ಕೌದಿ ಹೊಲಿಯುತ್ತಿದ್ದೆ ಅಂದಳು. ಮುಖದಲ್ಲಿ ಅಂಥ ಸಡಗರವನ್ನು ನಾನು ಮೊದಲು ಕಂಡಿರಲಿಲ್ಲ.

“ಕನಕಗಿರ್‍ಯಾಗ ನಮ್ಮಕ್ಕ ಅದಾಳಲ್ಲ, ಕಣ್ಣು ಪೂರಾ ಹೋಗ್ಯಾವಂತ. ನನ್ನ ಕರ್ಕೊಂಡು ಹೋಗು ಅಂತ ಹೇಳಿ ಕಳಸ್ಯಾಳ. ಕಡೀಗಾಲಕ್ಕ ಇಬ್ರೂ ಒಂದಕಡೆ ಇರ್ತೀವಿ. ಆ ಕೋಲಿ ಒಂದು ಖಾಲಿ ಮಾಡಿಕೊಡವಾ.”

“ಆತು ಚಿಗವ್ವ, ಅಮಾಸಿ ಒಂದು ದಾಟ್ಲಿ” ಅಂದೆ.

ಅಮಾವಾಸ್ಯೆ ದಾಟಿತು. ಮಂಗಳವಾರ ಸಾಮಾನು ಎತ್ತಬಾರದು ಅಂದೆ. ಶುಕ್ರವಾರ ಬೀಸುವ ಕಲ್ಲು ಅಲುಗಿಸಿದರೆ ಲಕ್ಷ್ಮಿಗೆ ಸಿಟ್ಟು ಅಂದೆ. ಆಮೇಲೆ ಆಷಾಢ ಬಂತು. ಆಷಾಢದಲ್ಲಿ ಹಳೆಯ ಮಂಚವನ್ನು ಹೊಸ ಮನೆಗೆ ತರುತ್ತಾರೆಯೇ? ಶ್ರಾವಣದಲ್ಲಿ ಹಬ್ಬದ ಗದ್ದಲ, ಪಿತೃಪಕ್ಷವಂತೂ ಬೇಡವೇ ಬೇಡ. ಪಂಚಾಂಗದಲ್ಲಿ ನನಗೆ ಬೇಕಾದ ನೆವ ದಿನಕ್ಕೊಂದು ಸಿಗುತ್ತಿತ್ತು. ಚಿಗವ್ವ ನೇಮ ನಿಷ್ಠೆಯ ಹೆಂಗಸು, ಹೀಗೆಂದರೆ ತಿರುಗಿ ಮಾತಾಡುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಒಂದೇ ಒಂದು ಸಲ ನಕ್ಕು ಅಂದಳು:

“ನಾಳೆ ಅಂದವ್ರ ಮನಿ ಹಾಳು ಅಂತಾರ. ನಾಳೆ ಅನ್ನಾಕಿ ನೀನು, ಹಾಳಾಗಿದ್ದು ನನ್ನ ಮನಿ ನೋಡು!”

ನಾನೂ ನಕ್ಕೆ. ಥೂ, ನನ್ನ ನಗುವಿಗಿಷ್ಟು.

ದೀಪಾವಳಿಯ ನಂತರ ಅಕ್ಕ ತನ್ನೂರಿನ ಯಾರದೋ ಕೈ ಹಿಡಿದು ಬಂದೇಬಿಟ್ಟಳು. ಕೈಯಲ್ಲಿ ಒಂದು ಸಣ್ಣ ಗಂಟು, ಅಷ್ಟೇ ಅವಳ ಆಸ್ತಿ. ಪಡಸಾಲೆಯಲ್ಲಿ ಚಾಪೆ ಹಾಸಿದರು. ಎರಡು ದಿನ ಅಕ್ಕ ತಂಗಿಯರ ಮಾತು, ನಗು ನಮ್ಮ ಮನೆಯವರೆಗೂ ಕೇಳಿಸಿತು. ಆದರೆ ಬಚ್ಚಲಿಗೆ ಹೋಗಬೇಕೆಂದರೆ ನಡುವಿನ ಕೋಲಿ ದಾಟಬೇಕು, ಅಲ್ಲಿ ಉಳಿದಿದ್ದದ್ದು ಒಬ್ಬರು ಅಡ್ಡಡ್ಡ ಹಾಯುವಷ್ಟು ದಾರಿ. ಕಣ್ಣಿಲ್ಲದ ಜೀವ, ನಮ್ಮ ಟ್ರಂಕುಗಳನ್ನು ಮುಟ್ಟಿ ಮುಟ್ಟಿ ನಡೆಯುತ್ತಿತ್ತು. ಮೂರನೆಯ ದಿನ ಮುಂಜಾನೆ ಮಂಚದ ಕಾಲಿಗೆ ಎಡವಿ ಬಿದ್ದಳು. ಮೊಣಕಾಲು ಬಾತು ಗುಂಡಗಾಯಿತು.

ಸುದ್ದಿ ತಿಳಿದು ಕನಕಗಿರಿಯಿಂದ ಅವರ ಅಣ್ಣನ ಮಗ ಬಂದ. ಕೋಲಿಯ ಬಾಗಿಲಲ್ಲಿ ನಿಂತು ನೋಡಿದ.

“ಅತ್ತಿ, ಇದು ಮನಿ ಏನು? ಗೋದಾಮು. ಸಾಮಾನು ಇರೂ ಜಾಗದಾಗ ಮನಷ್ಯಾರು ಹೆಂಗ ಇರ್ತಾರ?” ಎಂದು ದೊಡ್ಡತ್ತೆಯನ್ನು ಎತ್ತಿಕೊಂಡು ಹೋಗಿ ಗಾಡಿಯಲ್ಲಿ ಕೂಡಿಸಿದ. ನಾನು ನಮ್ಮ ಹೊಸ ಮನೆಯ ಕಿಟಕಿಯಲ್ಲಿ ನಿಂತಿದ್ದೆ. ಹೊರಗೆ ಬರುವ ಧೈರ್ಯವಾಗಲಿಲ್ಲ.

ಯುಗಾದಿಗೆ ಮೊದಲೇ ಅಕ್ಕ ಕನಕಗಿರಿಯಲ್ಲಿ ತೀರಿಹೋದಳು. ಚಿಗವ್ವನನ್ನು ಮಾತಾಡಿಸಲಿಕ್ಕೆ ಹೋದೆ. ಏನು ಮಾತಾಡುವುದು… “ಚಿಗವ್ವ, ನಾಳೇನ ಖಾಲಿ ಮಾಡಿಸ್ತೀನಿ” ಅಂದೆ.

“ಇನ್ನ ಯಾಕವಾ? ಇರ್ಲಿ ಬಿಡು. ಯಾರು ಬರಾವ್ರು ಅದಾರ?” ಅಂದಳು. ಬೈದಿದ್ದರೆ ಚಲೋ ಇತ್ತು. ಬೈಯಲಿಲ್ಲ, ನನಗೆ ಚಹಾ ಮಾಡಿಕೊಟ್ಟಳು. ಆ ಮಾತನ್ನೇ ಹಿಡಿದುಕೊಂಡು ನಾನು ಮತ್ತೆ ಸುಮ್ಮನಾದೆ. ಅದಕ್ಕೆ ಏನನ್ನಬೇಕೋ ನೀವೇ ಅನ್ನಿರಿ.

ಇನ್ನೆರಡು ವರ್ಷ ಚಿಗವ್ವ ಪಡಸಾಲೆಯಲ್ಲೇ ಮಲಗಿ ಎದ್ದು ದಿನ ಕಳೆದಳು. ಒಂದು ಚಳಿಗಾಲ ಜ್ವರ ಬಂದದ್ದೇ ನೆವವಾಗಿ ಹೋದಳು. ಅವಳ ಗಂಡನ ಕಡೆಯವರು ಮನೆ ಮಾರಿದರು. ಕೊಂಡವನು ಬಂದು, ನಾಳೆ ಕೆಡವುತ್ತೇನೆ, ನಿಮ್ಮ ಸಾಮಾನು ಇವತ್ತೇ ಎತ್ತಿರಿ ಅಂದ. ಅವತ್ತು ಮಂಗಳವಾರ. ಸಾಲದ್ದಕ್ಕೆ ಅಮಾವಾಸ್ಯೆ. ಯಾರೂ ಪಂಚಾಂಗ ನೋಡಲಿಲ್ಲ. ಇಬ್ಬರು ಹಮಾಲರು ಬಂದರು, ಒಂದು ತಾಸಿನಲ್ಲಿ ಕೋಲಿ ಖಾಲಿಯಾಯಿತು. ಒಂದು ತಾಸಿನ ಕೆಲಸ! ಅಷ್ಟು ಮಾಡಿಕೊಡಲಿಲ್ಲ ನಾನು. ಖಾಲಿ ಕೋಲಿಯಲ್ಲಿ ನಿಂತು ಬಾಯಿಗೆ ಸೆರಗು ಹಿಡಿದು ಅತ್ತೆ.

ಹಮಾಲರು ಎಲ್ಲವನ್ನೂ ನಮ್ಮ ಮನೆಯೊಳಗೆ ತುರುಕಿ ಹೋದರು. ಅವಸರದಲ್ಲಿ ಚಿಗವ್ವನ ಒಂದು ಬಟ್ಟೆಗಂಟೂ ನಮ್ಮ ಟ್ರಂಕುಗಳ ಜೊತೆಗೇ ಬಂದಿತ್ತು. ಬಿಚ್ಚಿ ನೋಡಿದೆ. ಕೌದಿ. ತನ್ನ ಹಳೆಯ ಇಳಕಲ್ ಸೀರೆಗಳನ್ನು ಕತ್ತರಿಸಿ ಸಣ್ಣ ಸಣ್ಣ ಹೊಲಿಗೆ ಹಾಕಿದ್ದಳು, ಮಡಿಕೆಗಳಲ್ಲಿ ಬೇವಿನ ಎಲೆ ಇಟ್ಟಿದ್ದಳು. ಅಕ್ಕನಿಗೆಂದು ಹೊಲಿದದ್ದು, ಕೋಲಿ ಖಾಲಿಯಾದ ಮೇಲೆ ಕೊಡೋಣವೆಂದು ಎತ್ತಿಟ್ಟಿದ್ದಿರಬೇಕು. ಹಾಗೇ ಕಟ್ಟಿ ಎಲ್ಲಕ್ಕಿಂತ ಹಿಂದೆ ಇಟ್ಟೆ.

ಇವತ್ತು ನಾನು ಮೆಟ್ಟಿಲ ಬಳಿ ಕೂತೇ ಇದ್ದದ್ದು ನೋಡಿ ಸೊಸೆ ಕೈಜೋಡಿಸಲು ಬಂದಳು. ಸಂದಿಯೊಳಗೆ ಬಗ್ಗಿ ಒಂದೊಂದೇ ಎಳೆಯುತ್ತ ಕೊನೆಗೆ ಆ ಗಂಟನ್ನೂ ಎಳೆದಳು.

“ಅತ್ತಿ, ಈ ಕೌದಿ ಒಬ್ರೂ ಹೊದ್ದಂಗಿಲ್ಲಲ್ರಿ? ಹೊಸಾದು ಐತಿ. ಯಾರದ್ರಿ?”

“ನಮ್ಮದಲ್ಲವಾ” ಅಂದೆ.

“ನಮ್ಮದಲ್ಲಂದ್ರ ಅವ್ರಿಗೆ ಕೊಟ್ಟು ಬಿಡ್ರಿ ಮತ್ತ. ನಮಗ ಜಾಗಾ ಇಲ್ಲ, ಮಂದಿ ಸಾಮಾನು ಯಾಕ ಇಟ್ಕೊಂಡು ಕುಂತೀರಿ?”

ಅವಳು ಕೇಳಿದ್ದರಲ್ಲಿ ತಪ್ಪೇನಿದೆ? ಕೊಡಬೇಕು. ಯಾರಿಗೆ ಕೊಡಲಿ… ಹೊಲಿದವಳೂ ಇಲ್ಲ, ಹೊದೆಯಬೇಕಾದವಳೂ ಇಲ್ಲ.