ಏಳರ ಮಗ್ಗಿ ತಪ್ಪಿದಾಗ

“ಏಳಾರ್ಲಿ ನಲವತ್ತೆಂಟು” ಎಂದ ತಂಗಿಯ ಮಗಳಿಗೆ ನಾನು “ಅಲ್ಲ ಪುಟ್ಟಿ” ಎಂದೆ, ಅಷ್ಟೇ. ಎಂಟು ವರ್ಷದ ಆ ಹುಡುಗಿ ತಟ್ಟನೆ ಎದ್ದು ನಿಂತು, ಕಣ್ಣು ಬಿಗಿಯಾಗಿ ಮುಚ್ಚಿ, ಅಂಗೈಯನ್ನು ನನ್ನ ಮುಂದೆ ಚಾಚಿದಳು.

ದಸರಾ ರಜೆಗೆಂದು ತಾಯಿಯ ಜೊತೆ ಮಾಗಡಿ ಹತ್ತಿರದ ನಮ್ಮೂರಿಗೆ ಬಂದಿದ್ದಳು. ನನ್ನ ಇಬ್ಬರು ಮಕ್ಕಳನ್ನು ನಾನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುತ್ತೇನೆ. ಬೆಳಿಗ್ಗೆ ಜಗಲಿಯಲ್ಲಿ ನಾವು ಪಾಠಕ್ಕೆ ಕೂತಾಗ ತಾನೂ ಆಸೆಯಿಂದ ಬಂದು ಕೂತಿದ್ದಳು. ಅವಳು ಕೈ ಚಾಚಿದ್ದನ್ನು ಆಟವೆಂದುಕೊಂಡ ನನ್ನ ನಾಲ್ಕು ವರ್ಷದ ಮಗ, ಪಕ್ಕದಲ್ಲಿ ನಿಂತು ನಗುತ್ತಾ ತಾನೂ ಕೈ ಚಾಚಿದ.

“ಬೇಗ ಹೊಡ್ದ್‌ಬುಡಿ ದೊಡ್ಡಮ್ಮ” ಎಂದಳು ಹುಡುಗಿ.

ನಾನು ಆ ಕೈ ಹಿಡಿದೆಳೆದು ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡೆ. ಬಾಗಿಲ ಬಳಿ ಮೊರ ಹಿಡಿದು ಹಬ್ಬದ ಬೇಳೆ ಆರಿಸುತ್ತಿದ್ದ ತಂಗಿ ಎಲ್ಲವನ್ನೂ ನೋಡಿದ್ದಳು.

“ನಾನೇ ಮಿಸ್‌ಗೆ ಹೇಳಿದ್ದೆ ಕಣಕ್ಕ, ತಪ್ಪು ಮಾಡುದ್ರೆ ಎರಡು ಬಿಡಿ ಅಂತ” ಎಂದಳು. ಮೊರ ಕೆಳಗಿಟ್ಟು, “ನೀನೂ ನಂಗೆ ಹಂಗೇ ಅಲ್ವಾ ಮಗ್ಗಿ ಕಲ್ಸಿದ್ದು?” ಎಂದು ಕೇಳಿದಳು.

ಆ ಮಾತಿನಲ್ಲಿ ದೂರು ಇರಲಿಲ್ಲ. ರಜೆ ಮುಗಿದ ದಿನವೇ ತಂಗಿ ಶಾಲೆಗೆ ಹೋಗಿ, ಮಗಳನ್ನು ಇನ್ನು ಹೊಡೆಯಬೇಡಿ ಎಂದು ಹೇಳಿ ಬಂದಳು. ನನ್ನ ಮಕ್ಕಳು ಏಟಿನ ಭಯವಿಲ್ಲದೆ ಕಲಿಯಲಿ ಎಂದೇ ಮನೆಯಲ್ಲಿ ಓದಿಸುತ್ತಿದ್ದೇನೆ ಅಂತ ನಾನು ನೆಂಟರಿಗೆಲ್ಲ ಹೇಳಿಕೊಂಡು ತಿರುಗಿದವಳು. ತಂಗಿಗೆ ಹೊಡೆದದ್ದು ಮಾತ್ರ ನನಗೆ ನೆನಪೇ ಇರಲಿಲ್ಲ. ಅವಳು ಮರೆತಿರಲಿಲ್ಲ.