ತಂಗಿ ಏಳುವ ದಿನ

ಸತ್ತವರು ಒಂದು ದಿನ ಎದ್ದು ಬರುತ್ತಾರೆ ಎಂದು ನಂಬಿ ಸಮಾಧಾನ ಪಟ್ಟುಕೊಳ್ಳುವವರು ಊರಲ್ಲಿ ಎಷ್ಟೋ ಮಂದಿ. ಎದ್ದ ಕೂಡಲೇ ಅವರು ಬಾಯಿ ಬಿಟ್ಟು ಏನು ಹೇಳಿಬಿಡುತ್ತಾರೋ ಎಂದು ನಡುಗುತ್ತಿದ್ದವಳು ಗಂಜಿಯಕ್ಕ ಒಬ್ಬಳೇ ಇರಬೇಕು.

ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ಮನೆಯಲ್ಲಿ ಅವಳದು ಇಪ್ಪತ್ತೊಂಬತ್ತು ವರ್ಷದ ಚಾಕರಿ. ವಾರ್ಡುಗಳ ಹಾಸು ಹೊದಿಕೆ, ಆಪರೇಷನ್ ಕೋಣೆಯ ಹಸಿರು ನಿಲುವಂಗಿ, ಡಾಕ್ಟರುಗಳ ಬಿಳಿ ಕೋಟು ಎಲ್ಲವೂ ಅವಳ ಕೈ ದಾಟಿಯೇ ಹೋಗಬೇಕು. ರಕ್ತದ ಬಟ್ಟೆಯನ್ನು ಹೊಸಬರು ಅವಸರದಲ್ಲಿ ಬಿಸಿನೀರಿಗೆ ಎಸೆದರೆ ಅವಳಿಗೆ ಕೆಂಡದಂಥ ಕೋಪ. ಬಿಸಿ ತಾಗಿದರೆ ಕಲೆ ಕೂತುಬಿಡುತ್ತದೆ, ಮೊದಲು ತಣ್ಣೀರಲ್ಲಿ ನೆನೆಯಬೇಕು. ಕೋಟುಗಳಿಗೆ ಗಂಜಿ ಹಾಕುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಅದಕ್ಕೇ ಆ ಹೆಸರು. ಮಿಕ್ಕ ಗಂಜಿಯನ್ನು ಚೆಲ್ಲದೆ ತನ್ನ ಬೆನ್ನಿಗೇ ಹಾಕಿಕೊಳ್ಳುತ್ತಾಳೆ ಎಂದು ಬಾಯ್ಲರ್ ಮೇಸ್ತ್ರಿ ಗೇಲಿ ಮಾಡುತ್ತಿದ್ದ. ಐವತ್ತೈದರಲ್ಲೂ ಅವಳು ಬೆನ್ನು ಬಾಗಿಸಿದವಳಲ್ಲ, ಯಾರ ಹತ್ತಿರವೂ ಮನಸ್ಸು ಬಿಚ್ಚಿದವಳೂ ಅಲ್ಲ.

ಭಾನುವಾರ ಬೆಳಿಗ್ಗೆ ಅವಳು ಹೋಗುತ್ತಿದ್ದದ್ದು ಕನ್ನಡಕದ ಅಂಗಡಿಯ ಮಹಡಿಗೆ. ಅಲ್ಲೊಂದು ಚಿಕ್ಕ ಸಭೆ. ಇಪ್ಪತ್ತೈದು ಕುರ್ಚಿ ಹಾಕುತ್ತಿದ್ದರು, ಹದಿನೆಂಟೋ ಹತ್ತೊಂಬತ್ತೋ ತುಂಬುತ್ತಿದ್ದವು. ಅವರ ನಂಬಿಕೆಯಲ್ಲಿ ಸುತ್ತುಬಳಸು ಇರಲಿಲ್ಲ. ದೇವರು ಒಬ್ಬನೇ, ತಂದೆ. ಅವನು ಮೂವರಲ್ಲಿ ಒಬ್ಬನಲ್ಲ, ಮೂವರು ಸೇರಿ ಒಬ್ಬನಾದವನೂ ಅಲ್ಲ. ಯೇಸು ಆ ದೇವರ ಮಗ, ನಮ್ಮ ಹಾಗೆಯೇ ಹಸಿದವನು, ಅತ್ತವನು, ಸತ್ತವನು. ಅವನನ್ನು ಎಬ್ಬಿಸಿದವನು ದೇವರು. ಅವನು ತಿರುಗಿ ಬಂದು ಆಳುವುದು ಈ ಭೂಮಿಯನ್ನೇ, ಮೋಡದಾಚೆಯ ಯಾವುದೋ ಊರನ್ನಲ್ಲ. ಅಲ್ಲಿಯವರೆಗೆ ಸತ್ತವರು ಎಲ್ಲೂ ಹೋಗುವುದಿಲ್ಲ. ಮಣ್ಣಿನಲ್ಲಿ ನಿದ್ದೆ, ಕನಸೂ ಬೀಳದ ನಿದ್ದೆ. ಕಹಳೆ ಕೇಳಿದ ದಿನ ಮೈಸಮೇತ ಎದ್ದು ಕೂರುತ್ತಾರೆ.

ಸಭೆಯವರಿಗೆ ಆ ದಿನವೆಂದರೆ ನೆಂಟರ ಮನೆಗೆ ಹೊರಟಷ್ಟು ಹಿಗ್ಗು. ಎಲ್ಲಾದರೂ ಯುದ್ಧವೋ ಭೂಕಂಪವೋ ಆದರೆ ಕಾಲ ಹತ್ತಿರವಾಯಿತು ಎಂದು ಮುಖ ಅರಳಿಸಿಕೊಂಡು ಮಾತಾಡುತ್ತಿದ್ದರು. ಅಂಗಡಿಯ ಯಜಮಾನ, ಎಲ್ಲರ ಬಾಯಲ್ಲಿ ಕನ್ನಡಕದಣ್ಣ, ನಗಿಸುವುದರಲ್ಲಿ ಎತ್ತಿದ ಕೈ. "ರಾಜ್ಯ ಬಂದ ದಿನ ಕುರುಡರ ಕಣ್ಣೆಲ್ಲ ತೆರೆಯತ್ತಂತೆ. ನನ್ನ ಅಂಗಡಿಗೆ ಬೀಗಾನೇ ಗತಿ. ಗಂಜಿಯಕ್ಕ, ಕಾಯಿಲೇನೂ ಇರಲ್ಲವಂತೆ. ನಿನ್ನ ಕೆಲಸಾನೂ ಹೋಯ್ತು ಅಂತಿಟ್ಕೋ. ಇಬ್ರೂ ಸೇರಿ ತರಕಾರಿ ಬೆಳೆಯೋಣ್ವಾ?" ಎಂದು ಕೇಳುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಅವಳೂ ಹಲ್ಲು ಬಿಡುತ್ತಿದ್ದಳು. ಆದರೆ ರಾಜ್ಯ ಬರಲಿ ಎಂದು ಎಲ್ಲರೂ ಒಕ್ಕೊರಲಿನಿಂದ ಬೇಡುವ ಸಾಲು ಬಂದಾಗ ಅವಳಿಗೆ ಸರಿಯಾಗಿ ಆಗಲೇ ಕೆಮ್ಮು ಬರುತ್ತಿತ್ತು. ಹನ್ನೆರಡು ವರ್ಷದಿಂದ ಅದೇ ಕೆಮ್ಮು.

ಕಾರಣ ಇಷ್ಟೇ. ಅವಳಿಗೆ ಆಗ ಹನ್ನೊಂದು ವರ್ಷ, ತಂಗಿಗೆ ಆರು. ಹಳೆಯ ಕಲ್ಲುಗಣಿಯ ಹೊಂಡದ ಕಡೆ ತಲೆ ಹಾಕಬೇಡಿ ಎಂದು ಅಮ್ಮ ಹೇಳಿ ಹೇಳಿ ಸಾಕಾಗಿದ್ದಳು. ಇಬ್ಬರೂ ಹೋದರು. ತಂಗಿ ಕಾಲು ಜಾರಿ ನೀರಿಗೆ ಬಿದ್ದಳು. ಇವಳು ಅಂಚಿನ ಮೇಲೆ ಬೋರಲು ಮಲಗಿ ಕೈ ಚಾಚಿದಳು. ತಂಗಿ ಆ ಕೈಯನ್ನು ಎರಡೂ ಕೈಯಿಂದ ಹಿಡಿದಳು. ಆರು ವರ್ಷದ ಮಗುವಿಗೆ ಅಷ್ಟು ಬಲ ಎಲ್ಲಿಂದ ಬಂತೋ! ಇವಳ ಎದೆ ಅಂಚಿನಿಂದಾಚೆ ಜಾರಿತು, ಮುಖ ನೀರಿಗೆ ಬಡಿಯಿತು, ಜೀವ ಬಾಯಿಗೆ ಬಂತು. ಆಗ ತಂಗಿಯ ಕೈಯನ್ನು ಕಚ್ಚಿದಳು. ಹಲ್ಲು ಇಳಿಯುವ ಹಾಗೆ ಕಚ್ಚಿದಳು. "ಅಕ್ಕಾ" ಎಂದಳು ತಂಗಿ. ಬೆರಳು ಬಿಟ್ಟವು.

ಮನೆಗೆ ಬಂದು, ತಾನು ಪಕ್ಕದ ಮನೆಯ ಹಿತ್ತಲಲ್ಲಿದ್ದೆ, ತಂಗಿ ಎಲ್ಲಿ ಹೋದಳೋ ಗೊತ್ತಿಲ್ಲ ಎಂದಳು. ಸಂಜೆಯ ಹೊತ್ತಿಗೆ ಗಂಡಸರು ಮಗುವನ್ನು ಹೊರಗೆ ತೆಗೆದರು. ಕೈಮೇಲಿನ ಗಾಯ ನೋಡಿ ಮೀನು ಕಚ್ಚಿವೆ ಎಂದರು. ಅಮ್ಮ ಆ ಪುಟ್ಟ ಕೈಯನ್ನು ಕೆನ್ನೆಗೆ ಒತ್ತಿಕೊಂಡು ಮೀನುಗಳಿಗೆ ಶಾಪ ಹಾಕಿದಳು. ಅಂದಿನಿಂದ ಸಾಯುವವರೆಗೂ ಹಾಕಿದಳು. ದೊಡ್ಡ ಮಗಳು ಪಕ್ಕದಲ್ಲೇ ಕೂತು ತುಟಿ ಪಿಟಕ್ಕೆನ್ನದೆ ಕೇಳಿಸಿಕೊಂಡಳು.

ಹನ್ನೆರಡು ವರ್ಷದ ಹಿಂದೆ ಸಭೆಗೆ ಮೊದಲು ಹೋದವಳೂ ಅಮ್ಮನೇ. ನಿನ್ನ ಮಗು ದೇವದೂತೆಯಾಗಿ ಹಾರಿಹೋಗಿದ್ದಾಳೆ ಎಂದು ಸಮಾಧಾನ ಹೇಳಿದವರನ್ನೆಲ್ಲ ಕಂಡರೆ ಅವಳಿಗೆ ಸಿಟ್ಟು. ರೆಕ್ಕೆ ಬಂದ ಮಗು ಅವಳಿಗೆ ಬೇಕಿರಲಿಲ್ಲ. ನಿನ್ನ ಮಗಳು ಮಲಗಿದ್ದಾಳೆ, ಈ ನೆಲದ ಮೇಲೆಯೇ ಎದ್ದು ನಿನ್ನ ಹತ್ತಿರ ನಡೆದು ಬರುತ್ತಾಳೆ ಎಂದು ಕನ್ನಡಕದಣ್ಣ ಹೇಳಿದ ದಿನ ಅಮ್ಮ ಮೊದಲ ಸಲ ಹೊಟ್ಟೆ ತುಂಬ ಉಂಡಳು. ಅಮ್ಮನನ್ನು ಕೈ ಹಿಡಿದು ಮಹಡಿ ಹತ್ತಿಸಲು ಹೋಗುತ್ತಿದ್ದ ಗಂಜಿಯಕ್ಕನಿಗೆ ಆ ನಂಬಿಕೆಯೇ ಗಂಟುಬಿತ್ತು. ಬರಿಯ ಬಾಯಿಮಾತಿನ ನಂಬಿಕೆಯಾಗಿದ್ದರೆ ಹೇಗೋ ದಾಟಬಹುದಿತ್ತು. ಅವಳು ನಿಜವಾಗಿಯೂ ನಂಬಿದ್ದಳು, ಅದೇ ಪೇಚು. ದೇವರು ಒಬ್ಬನೇ ಆದ್ದರಿಂದ ಒಬ್ಬನ ಕಣ್ಣು ತಪ್ಪಿಸಿ ಇನ್ನೊಬ್ಬನ ಬಾಗಿಲು ತಟ್ಟುವ ಹಾಗೂ ಇರಲಿಲ್ಲ.

ಎಂಟು ತಿಂಗಳ ಹಿಂದೆ ಅಮ್ಮ ತೀರಿಕೊಂಡಳು. ತಂಗಿಯ ಪಕ್ಕದಲ್ಲೇ ಮಣ್ಣು ಮಾಡಿದರು. ಆಮೇಲೆ ಗಂಜಿಯಕ್ಕನ ಭಯಕ್ಕೆ ಲಂಗುಲಗಾಮು ಉಳಿಯಲಿಲ್ಲ. ಆ ದಿನ ಬಂದಾಗ ಇಬ್ಬರೂ ಅಕ್ಕಪಕ್ಕ ಎದ್ದು ಕೂರುತ್ತಾರೆ. ಅಮ್ಮ ಮೊದಲು ಹಿಡಿದು ನೋಡುವುದು ಆ ಕೈಯನ್ನೇ. ಅದು ಮೀನಲ್ಲಮ್ಮ ಎಂದು ತಂಗಿ ಹೇಳುತ್ತಾಳೆ. ಅದಕ್ಕೆ ಮೊದಲೇ ತಲುಪೋಣವೆಂದರೆ, ಬಟ್ಟೆ ಒಗೆಯುವ ಮನೆಯಿಂದ ಸಮಾಧಿಯ ಜಾಗಕ್ಕೆ ಓಡಿದರೂ ಇಪ್ಪತ್ತು ನಿಮಿಷ. ಒಮ್ಮೆ ಊಟದ ಬಿಡುವಿನಲ್ಲಿ ಅವಳು ನಿಜಕ್ಕೂ ಓಡಿ ನೋಡಿದ್ದಳು.

ಒಂದು ಮಂಗಳವಾರ ಮಧ್ಯಾಹ್ನ ಕೋಟುಗಳನ್ನು ಹಿಂಡುತ್ತಿದ್ದಾಗ ಗೋಡೆಯಾಚೆ ಭಯಂಕರ ಸದ್ದು ಎದ್ದಿತು. ಉದ್ದಕ್ಕೆ, ಕಿವಿ ಸೀಳುವಂತೆ, ನಿಲ್ಲದೆ. ಕೋಣೆಯೆಲ್ಲ ಬೆಳ್ಳಗಾಯಿತು. ಕಹಳೆ! ಉಳಿದವರೆಲ್ಲ ಕಿರುಚುತ್ತಾ ಹೊರಗೆ ಓಡಿದರೆ ಅವಳು ಒಳಗೆ ಓಡಿ, ಮಡಿಸಿಟ್ಟ ಹೊದಿಕೆಗಳ ಕಪಾಟಿನ ಸಂದಿಗೆ ನುಗ್ಗಿ, ಮುಸುಕು ಎಳೆದುಕೊಂಡು ಮುದುಡಿ ಕೂತಳು. ಬಾಯಿ ತಾನಾಗಿ ಬೇಡಿಕೊಳ್ಳುತ್ತಿತ್ತು: "ಬೇಡ ದೇವರೇ, ಎಬ್ಬಿಸಬೇಡ. ಅವಳನ್ನ ಎಬ್ಬಿಸಬೇಡ."

ಮುಸುಕು ಎಳೆದವನು ಬಾಯ್ಲರ್ ಮೇಸ್ತ್ರಿ. ಒತ್ತಡ ಹೆಚ್ಚಿ ವಾಲ್ವ್ ತೆರೆದುಕೊಂಡು ಉಗಿ ನುಗ್ಗಿದ್ದಂತೆ. "ಅಲ್ಲಾ ಗಂಜಿಯಕ್ಕ, ಅಪಾಯ ಅಂದ್ರೆ ಜನ ಬಾಗಿಲ ಕಡೆ ಓಡ್ತಾರೆ. ನೀನೇನು ಬಟ್ಟೆ ರಾಶಿಗೆ ನುಗ್ಗಿದ್ದೀಯ? ನಿನ್ನನ್ನೂ ಮಡಿಸಿ ಇಡ್ಬೇಕಿತ್ತಾ?" ಎಂದು ನಕ್ಕ. ಅವಳ ಮುಖ ನೋಡಿ ನಗು ನಿಲ್ಲಿಸಿದ.

ಅವತ್ತು ಸಂಜೆ ಅವಳು ನೇರ ಕನ್ನಡಕದ ಅಂಗಡಿಗೆ ಹೋದಳು. "ಅಣ್ಣ, ನನಗೆ ದೀಕ್ಷಾಸ್ನಾನ ಕೊಡಿ. ಬೇಗ."

"ಅಬ್ಬಾ, ಹನ್ನೆರಡು ವರ್ಷ ಆದ್ಮೇಲೆ ನೀರಿನ ಭಯ ಹೋಯ್ತಾ!" ಎಂದು ಕನ್ನಡಕದಣ್ಣ ಸಂಭ್ರಮಪಟ್ಟರು. ಹೊಂಡದಲ್ಲಿ ತಂಗಿ ಹೋದವಳಿಗೆ ನೀರೆಂದರೆ ಭಯ, ಅದಕ್ಕೇ ಮುಂದೂಡುತ್ತಾಳೆ ಎಂದು ಸಭೆಯೆಲ್ಲ ತಿಳಿದಿತ್ತು. ಅವಳ ತಲೆಯಲ್ಲಿದ್ದದ್ದು ಬೇರೆ. ಮುಳುಗಿ ಎದ್ದರೆ ಹಳೆಯದೆಲ್ಲ ತೊಳೆದುಹೋಗುತ್ತದೆ ಎಂದು ಅವರೇ ಹೇಳುತ್ತಿದ್ದರಲ್ಲ. ಆ ಕಚ್ಚಿದ್ದೂ ತೊಳೆದುಹೋಗಲಿ. ನಡೆದೇ ಇಲ್ಲವೆಂಬಂತಾಗಲಿ. ತಂಗಿ ಎದ್ದಾಗ ಅವಳಿಗೆ ಹೇಳಲು ಏನೂ ಉಳಿದಿರಬಾರದು.

ನೀರಿಗಿಳಿಯುವ ಮೊದಲು ಇಬ್ಬರು ಹಿರಿಯರ ಮುಂದೆ ಕೂತು ನಂಬಿಕೆಯ ಪ್ರಶ್ನೆಗಳಿಗೆ ಉತ್ತರ ಕೊಡುವುದು ಆ ಸಭೆಯ ಕ್ರಮ. ಗುರುವಾರ ಸಂಜೆ ಮಹಡಿಯಲ್ಲಿ ಕನ್ನಡಕದಣ್ಣ ಮತ್ತು ನಿವೃತ್ತ ಮೇಷ್ಟ್ರು ಮೇಜಿನಾಚೆ ಕೂತರು. ಮೇಷ್ಟ್ರು ಪರೀಕ್ಷೆಯೆಂದರೆ ಪರೀಕ್ಷೆಯೇ ಎನ್ನುವ ಪೈಕಿ. ನೆಂಟಸ್ತಿಕೆಗೆ ಅಂಕ ಕೊಡುವವರಲ್ಲ.

"ದೇವರು ಎಷ್ಟು ಜನ?"

"ಒಬ್ಬನೇ. ತಂದೆ."

"ಸತ್ತವರು ಎಲ್ಲಿದಾರೆ?"

"ಮಣ್ಣಲ್ಲಿ. ಅವರಿಗೆ ಏನೂ ಗೊತ್ತಾಗಲ್ಲ, ಏನೂ ಕೇಳಿಸಲ್ಲ."

"ರಾಜ್ಯ ಎಲ್ಲಿ ಬರತ್ತೆ?"

"ಈ ಭೂಮಿ ಮೇಲೇನೇ."

ಮುಕ್ಕಾಲು ಗಂಟೆ ಹೀಗೇ ನಡೆಯಿತು. ಎಲ್ಲಿಯೂ ತಡವರಿಸಲಿಲ್ಲ. ಮೇಷ್ಟ್ರಿಗೂ ಖುಷಿಯಾಗಿ ಕಾಗದ ಮಡಿಸುತ್ತಾ, "ಕೊನೇದು. ಇದು ಸುಮ್ನೆ ಕೇಳೋದು. ಆ ರಾಜ್ಯ ಬರಲಿ ಅಂತ ನಿನಗೆ ಆಸೆ ಇದೆ ತಾನೇ?" ಎಂದರು.

ಹೌದು ಎಂಬ ಎರಡಕ್ಷರ ಅವಳ ಬಾಯಿಂದ ಬರಲಿಲ್ಲ. ಬೀದಿಯಲ್ಲಿ ಯಾರೋ ಅಂಗಡಿಯ ಬಾಗಿಲು ಎಳೆದ ಸದ್ದಿಗೇ ಬೆಚ್ಚಿಬಿದ್ದಳು. ಮೇಷ್ಟ್ರು ಮತ್ತೆ ಕೇಳಿದರು. ಆಗ ನಲವತ್ತನಾಲ್ಕು ವರ್ಷದಿಂದ ಒಳಗೆ ಅದುಮಿಟ್ಟಿದ್ದ ಮಾತೆಲ್ಲ ಹೊರಬಿತ್ತು. ಹೊಂಡ, ಕೈ, ಹಲ್ಲು, ಮೀನಿನ ಸುಳ್ಳು, ಮೊನ್ನೆಯ ಕಹಳೆ, ಎಲ್ಲ.

ಮೇಷ್ಟ್ರ ಮುಖ ಕಪ್ಪಿಟ್ಟಿತು. "ಅಮ್ಮನಿಗೆ ಒಂದಿನಾನೂ ಹೇಳ್ಲಿಲ್ವಾ?"

"ಹೇಳೋಣ ಅಂತ ಹತ್ತಿರ ಹೋದಾಗ್ಲೆಲ್ಲ ಅಮ್ಮ ಮೀನನ್ನ ಬೈತಿದ್ಳು ಮೇಷ್ಟ್ರೇ. ನನಗೆ ಧೈರ್ಯ ಸಾಲ್ಲಿಲ್ಲ." ಅವಳು ಕನ್ನಡಕದಣ್ಣನ ಕಡೆ ತಿರುಗಿದಳು. "ಅಣ್ಣ, ಮುಳುಗಿದ್ಮೇಲೆ ಅದು ಅಳಿಸಿ ಹೋಗತ್ತಲ್ವಾ? ಆಮೇಲೆ ಅವಳಿಗೆ ನೆನಪಿರಲ್ಲ ಅಲ್ವಾ?"

ಕನ್ನಡಕದಣ್ಣನಿಗೆ ಅವತ್ತು ತಮಾಷೆ ಹೊಳೆಯಲಿಲ್ಲ. "ನೀನು ಹನ್ನೊಂದು ವರ್ಷದ ಮಗು. ಸಾಯ್ತಿದ್ದೆ. ದೇವರು ಕ್ಷಮಿಸ್ತಾನೆ, ಅದರಲ್ಲಿ ನನಗೆ ಅನುಮಾನ ಇಲ್ಲ ತಾಯಿ. ಆದ್ರೆ ಅವಳಿಗೆ ನೆನಪಿರಲ್ಲ ಅಂತ ನಾನು ಹೇಳಲಾರೆ. ಗೊತ್ತಿಲ್ಲದ್ದನ್ನ ಹೇಳಿ ನಿನ್ನನ್ನ ನೀರಿಗಿಳಿಸಲಾರೆ. ಅವಳು ಕೇಳಿದ್ರೂ ಕೇಳ್ಬಹುದು." ಆಮೇಲೆ, "ಮೊನ್ನೆ ಕಹಳೆ ಅಂದ್ಕೊಂಡ್ಯಲ್ಲ, ಆಗ ಏನು ಬೇಡ್ಕೊಂಡೆ?" ಎಂದರು.

"ಎಬ್ಬಿಸಬೇಡ ಅಂತ."

"ಯಾರನ್ನ?"

ಅವಳ ಪ್ರಾರ್ಥನೆ ಅವಳ ಕಿವಿಗೇ ಸರಿಯಾಗಿ ಬಿದ್ದದ್ದು ಅದೇ ಮೊದಲು. ತಂಗಿ ಸತ್ತೇ ಇರಲಿ ಎಂದು ಬೇಡಿಕೊಂಡಿದ್ದಳು ಅವಳು. ಇಷ್ಟು ವರ್ಷ ಅವಳು ಹೆದರಿದ್ದು ತಂಗಿಗೆ. ಈಗ ತನಗೆ ತಾನೇ ಹೆದರಿದಳು.

"ಅಣ್ಣ," ಎಂದಳು, "ಅವಳು ಪ್ರತಿ ದಿನ ಕೈ ಚಾಚ್ತಾಳೆ. ನಾನು ಇನ್ನೂ ಕಚ್ತಾನೇ ಇದೀನಿ."

ಮೇಷ್ಟ್ರು ಕಾಗದವನ್ನು ಮತ್ತೆ ಬಿಡಿಸಿ ಮೇಜಿನ ಮೇಲಿಟ್ಟರು. ಕೊನೆಯ ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆ ಬಾ ಎಂದರು, ಅಷ್ಟೇ. ಮಾತಿನಲ್ಲಿ ಗಡಸು ಇರಲಿಲ್ಲ.

ಶನಿವಾರ ಕೆಲಸಕ್ಕೆ ರಜೆ ಹಾಕಿ ಅವಳು ಸಮಾಧಿಗಳ ಹತ್ತಿರ ಹೋದಳು. ಆಚೆ ಒಬ್ಬ ಹೆಂಗಸು ತನ್ನ ಗಂಡನ ಕಲ್ಲಿನ ಮುಂದೆ ಕೂತು ಮನೆಯ ಸುದ್ದಿಯನ್ನೆಲ್ಲ ಒಪ್ಪಿಸುತ್ತಿದ್ದಳು. ಗಂಜಿಯಕ್ಕನಿಗೆ ಹೊಟ್ಟೆಕಿಚ್ಚಾಯಿತು. ಅವಳ ನಂಬಿಕೆಯಲ್ಲಿ ಆ ಸವಲತ್ತು ಇರಲಿಲ್ಲ. ಇಲ್ಲಿ ಮಣ್ಣಿನ ಕೆಳಗೆ ಕೇಳುವ ಕಿವಿಗಳಿಲ್ಲ. ಕ್ಷಮಿಸು ಎಂದು ಇಡೀ ದಿನ ಕೂಗಿದರೂ ಕಲ್ಲಿಗೆ ಕೂಗಿದಷ್ಟೇ ಬಂತು. ಅಮ್ಮನಿಗೆ ನಿಜ ಹೇಳಬೇಕೆಂದರೆ ಅಮ್ಮ ಏಳಬೇಕು. ತಂಗಿಯ ಕಾಲು ಹಿಡಿಯಬೇಕೆಂದರೆ ತಂಗಿಗೆ ಕಾಲಿರಬೇಕು, ಅವಳು ಅದರ ಮೇಲೆ ನಿಂತಿರಬೇಕು. ಬೇರೆ ದಾರಿಯೇ ಇಲ್ಲ. ಎರಡು ದಿಬ್ಬಗಳ ನಡುವೆ ಅವಳು ಬಹಳ ಹೊತ್ತು ನಿಂತಿದ್ದಳು. ಭಯ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಲಿಲ್ಲ. ಆದರೂ ಅಲ್ಲಿಂದ ನೇರ ಮೇಷ್ಟ್ರ ಮನೆಗೆ ಹೋಗಿ ಬಾಗಿಲಲ್ಲೇ ನಿಂತು, "ಬರ್ಲಿ ಮೇಷ್ಟ್ರೇ" ಎಂದಳು. ಅವರು ತಲೆಯಾಡಿಸಿದರು.

ಮರುದಿನ ಬೆಳಿಗ್ಗೆ ಅಂಗಡಿಯ ಹಿಂದಿನ ತೊಟ್ಟಿಯಲ್ಲಿ ಕನ್ನಡಕದಣ್ಣ ಅವಳನ್ನು ಮುಳುಗಿಸಿ ಎಬ್ಬಿಸಿದರು. ನೀರು ಮೂಗಿಗೆ ತಾಗಿದಾಗ ಅವಳು ಅವರ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಒಣಬಟ್ಟೆ ಉಟ್ಟು ಮಹಡಿಗೆ ಬಂದಳು. ಹೊಸದಾಗಿ ಸ್ನಾನ ಪಡೆದವರು ತಾವೇ ಬಾಯಿಬಿಟ್ಟು ಒಂದು ಪ್ರಾರ್ಥನೆ ಹೇಳುವುದು ವಾಡಿಕೆ. ಹದಿನೆಂಟು ಜನ ತಲೆ ತಗ್ಗಿಸಿದರು. ಅವಳು ಮುಂದಿನ ಕುರ್ಚಿಯ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು.

"ತಂದೆಯೇ, ನಿನ್ನ ರಾಜ್ಯ ಬರ್ಲಿ," ಎಂದಳು. "ನನ್ನ ತಂಗೀನ ಎಬ್ಬಿಸು. ನಾನು ಅಲ್ಲಿಗೆ ಬರೋ ಮುಂಚೆ ಬೇಡ, ನಾನು ಹೋದ್ಮೇಲೂ ಬೇಡ. ನನ್ನ ಎದುರಿಗೇ ಎಬ್ಬಿಸು. ಅವಳು ಅಮ್ಮನ ಮುಂದೆ ನನ್ನ ಏನು ಬೇಕಾದ್ರೂ ಕೇಳ್ಲಿ."

ಆಮೆನ್ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಏನೂ ತಿಳಿಯದ ಸಭೆ ಕಾದು ಕೂತಿತ್ತು. ಕೊನೆಗೆ ಮೇಷ್ಟ್ರೇ ಅವಳ ಪರವಾಗಿ ಅಂದರು.